ಬೇಗ ನಿಂತ ರಕ್ತ

ಸಮುದ್ರದ ಮೇಲೆ ಇನ್ನೂ ಕತ್ತಲಿದೆ. ಶೆಡ್ಡಿನೊಳಗೆ ಮಾತ್ರ ಟ್ಯೂಬ್‌ಲೈಟಿನ ಬಿಳಿ ಬೆಳಕು, ನೀರೆತ್ತುವ ಮೋಟಾರಿನ ಗದ್ದಲ, ಆ ಗದ್ದಲದ ಮೇಲೆ ಗಂಟಲು ಹರಿದುಕೊಳ್ಳುತ್ತಿರುವ ರೇಡಿಯೊ. ಉದ್ದನೆಯ ಸ್ಟೀಲಿನ ಮೇಜಿನ ಎರಡೂ ಬದಿಗೆ ರಬ್ಬರಿನ ಏಪ್ರನ್ ತೊಟ್ಟ ಹೆಂಗಸರು ಭುಜಕ್ಕೆ ಭುಜ ತಾಗಿಸಿ ನಿಂತಿದ್ದಾರೆ. ನಡುವೆ ಕೆಸರು ಮೆತ್ತಿದ ಸಿಂಪಿಗಳ ರಾಶಿ. ಎಡಗೈಯಲ್ಲಿ ಸಿಂಪಿ, ಬಲಗೈಯಲ್ಲಿ ಗಿಡ್ಡ ಚೂರಿ. ಚಿಪ್ಪಿನ ಸಂದಿಗೆ ಚೂರಿ ತೂರಿಸಿ ಒಮ್ಮೆ ತಿರುಗಿಸಿದರೆ ಸಿಂಪಿ ಬಾಯಿ ಬಿಡುತ್ತದೆ, ಇನ್ನೊಮ್ಮೆ ಕೆರೆದರೆ ಮಾಂಸ ಬುಟ್ಟಿಗೆ ಬೀಳುತ್ತದೆ. ಮೇಜಿನ ತುದಿಯಲ್ಲಿ ನಿಂತಿರುವ ಒಬ್ಬರ ಚೂರಿ ಮಾತ್ರ ಎಡಗೈಯಲ್ಲಿದೆ.

ಅವರು ತಾಕ್ ಮಲ್ಸುನ್. ವಯಸ್ಸು ಐವತ್ತೆಂಟು. ಗಂಡ ಕೆತ್ತಿಕೊಟ್ಟ ಮರದ ತುಂಡೊಂದು ಅವರ ಮುಂದಿದೆ. ಅದರ ಕಚ್ಚಿನಲ್ಲಿ ಸಿಂಪಿಯನ್ನು ಸಿಕ್ಕಿಸಿ, ಬೆರಳು ಮಡಚಲಾರದ ಬಲಗೈಯ ಅಂಗೈಯನ್ನು ಅದರ ಮೇಲೆ ಒತ್ತಿ, ಎಡಗೈಯಿಂದ ಚೂರಿ ತೂರಿಸುತ್ತಾರೆ. ಪಕ್ಕದವರು ಮೂರು ಬಿಡಿಸುವಷ್ಟರಲ್ಲಿ ಇವರದು ಒಂದು.

“ಏಯ್ ಯೋಕ್ಜಿಯವ್ಳೇ, ಸಿಂಪಿ ಬಿಡಿಸ್ತಿದ್ದೀಯೋ, ಇಲ್ಲಾ ಅದರ ಹತ್ರ ಅಪ್ಪಣೆ ಕೇಳ್ತಿದ್ದೀಯೋ?” ಎಂದು ಪಕ್ಕದಲ್ಲಿ ನಿಂತ ಗೋ ಬುನ್ನಾಮ್ ಕೆಣಕುತ್ತಾರೆ. ಬುನ್ನಾಮ್ ಈ ಮೇಜಿಗೆಲ್ಲ ಹಿರಿಯರು, ಎಪ್ಪತ್ತು ದಾಟಿದೆ. ಮಲ್ಸುನ್ ಹುಟ್ಟಿದ್ದು ಯೋಕ್ಜಿ ದ್ವೀಪದಲ್ಲಿ, ಹಾಗಾಗಿ ಈ ಊರಿಗೆ ಸೊಸೆಯಾಗಿ ಬಂದ ದಿನದಿಂದ ಯೋಕ್ಜಿಯವಳೇ.

“ಅಪ್ಪಣೆ ಕೇಳ್ತಿದ್ದೀನಿ ಅಕ್ಕ. ನಿಮ್ಮ ಥರ ಒದ್ದು ನುಗ್ಗೋ ಬುದ್ಧಿ ನಂಗಿಲ್ವಲ್ಲ” ಎಂದು ಮಲ್ಸುನ್ ತಲೆ ಎತ್ತದೆ ಉತ್ತರಿಸುತ್ತಾರೆ. ಮೇಜಿನುದ್ದಕ್ಕೂ ನಗು ಹರಿಯುತ್ತದೆ. ನಗು ನಿಂತ ಮೇಲೆ ಎಲ್ಲರೂ ಒಂದು ಗಳಿಗೆ ಅವರ ಎಡಗೈಯನ್ನೇ ನೋಡುತ್ತಾರೆ, ಆಮೇಲೆ ತಮ್ಮ ಕೆಲಸಕ್ಕೆ ಮರಳುತ್ತಾರೆ.

ಕೊರಿಯಾದ ದಕ್ಷಿಣ ತುದಿಯ ತೊಂಗ್ಯೊಂಗ್ ಕಡಲಂಚಿನ ನಮ್ಮಲ್ಲಿ ಇಂಥ ಶೆಡ್ಡುಗಳಿಗೆ ಬರವಿಲ್ಲ. ನಮ್ಮ ಸಿಂಪಿಯನ್ನು ಹೊಗಳುವ ಟೀವಿಯವರಿಗೂ ಬರವಿಲ್ಲ. ಹುಳಿಖಾರದಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಸಮುದ್ರವನ್ನೇ ನುಂಗಿದೆ ಎನ್ನುತ್ತಾರೆ. ಅದನ್ನು ಬಿಡಿಸಿದ ಕೈ ಯಾರದು ಎಂದು ಅವರಲ್ಲಿ ಒಬ್ಬರಾದರೂ ಕೇಳಿದ್ದನ್ನು ನಾನು ಕಂಡಿಲ್ಲ. ನನ್ನ ತಾಯಿಯೂ ಇಂಥದೇ ಮೇಜಿನಲ್ಲಿ ನಿಂತು ಸೊಂಟ ಬಗ್ಗಿಸಿಕೊಂಡವಳು, ಅದಕ್ಕೇ ನನಗೆ ಈ ವಿಷಯದಲ್ಲಿ ಸಿಟ್ಟು ಸ್ವಲ್ಪ ಜಾಸ್ತಿ, ಈ ಮೇಜಿನವರ ಬಗ್ಗೆ ಬರೆಯಲು ಬಂದದ್ದೂ ಅದಕ್ಕೇ.

ಮಲ್ಸುನ್ ಈ ಮೇಜಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಚಳಿಗಾಲ ಕಳೆದಿದ್ದಾರೆ. ಬಲಗೈ ನೆಟ್ಟಗಿದ್ದಾಗ ಸಿಂಪಿ ಬಿಡಿಸುವುದರಲ್ಲಿ ಎತ್ತಿದ ಕೈ. ಮಧ್ಯಾಹ್ನದ ಹೊತ್ತಿಗೆ ಅವರ ಬುಟ್ಟಿಗಳ ತೂಕ ಬೇರೆ ಯಾರದಕ್ಕಿಂತಲೂ ಹೆಚ್ಚು, ಮಾಂಸದ ಅಂಚು ಹರಿದದ್ದೇ ಇಲ್ಲ. ಈಗ ಆ ಜಾಗವೇ ಪಣಕ್ಕಿದೆ. ಶೆಡ್ಡಿನ ಯಜಮಾನ ಯೋಮ್ ದಾಲ್ಹೊ ಅಕ್ಟೋಬರಿನಲ್ಲಿ ಹಂಗಾಮು ಶುರುವಾದಾಗ ಒಂದು ಮಾತು ಹೇಳಿದ್ದಾನೆ. ಊರೆಲ್ಲ ಚಳಿಗಾಲದ ಎಲೆಕೋಸಿನ ಉಪ್ಪಿನಕಾಯಿ ಕಿಮ್ಚಿ ಹಾಕುವ ದಿನಗಳು ಬರುವವರೆಗೆ ನೋಡೋಣ. ಕೈ ಪಳಗಿ, ಮೇಜಿನ ಮೇಲೆ ರಕ್ತ ಬೀಳದಿದ್ದರೆ ಜಾಗ ನಿಮ್ಮದೇ, ಇಲ್ಲದಿದ್ದರೆ ಇಲ್ಲ.

ರಕ್ತದ ಮಾತು ಸುಮ್ಮನೆ ಬಂದದ್ದಲ್ಲ. ಮಲ್ಸುನ್ ಅವರ ಎದೆಯೊಳಗೆ ಯಾಂತ್ರಿಕ ಕವಾಟವಿದೆ.

ಚಿಕ್ಕಂದಿನಲ್ಲಿ ಗಂಟಲು ನೋವು, ಜ್ವರ, ಕೀಲುಕೀಲಿನಲ್ಲಿ ಬಾವು. ದ್ವೀಪದಲ್ಲಿ ಡಾಕ್ಟರಿರಲಿಲ್ಲ, ಅಮ್ಮ ಬಾರ್ಲಿ ಗಂಜಿ ಕುಡಿಸಿ ಮಲಗಿಸಿದರು. ಜ್ವರ ಹೋಯಿತು, ಆದರೆ ಹೋಗುವಾಗ ಹೃದಯದ ಕವಾಟವನ್ನು ಕೆಡಿಸಿ ಹೋಯಿತು. ಮೂವತ್ತರ ಆಚೆ, ಮಗಳನ್ನು ಹೆತ್ತ ಮೇಲೆ, ಎರಡು ಮೆಟ್ಟಿಲು ಹತ್ತಿದರೆ ಉಸಿರು ಕಟ್ಟತೊಡಗಿತು. ಬುಸಾನಿನ ದೊಡ್ಡಾಸ್ಪತ್ರೆಯಲ್ಲಿ ಎದೆ ತೆರೆದು ಹೊಸ ಕವಾಟ ಕೂರಿಸಿದರು.

“ಎರಡು ಥರ ಇದೆ ಅಂದ್ರು ಡಾಕ್ಟ್ರು” ಎಂದು ಮಲ್ಸುನ್ ನೆನಪಿಸಿಕೊಳ್ಳುತ್ತಾರೆ. “ಒಂದು ಪ್ರಾಣೀದು. ಅದು ಸವೆದುಹೋಗುತ್ತೆ, ಮತ್ತೆ ಎದೆ ಸೀಳ್ಬೇಕು. ಇನ್ನೊಂದು ಯಂತ್ರದ್ದು, ಸಾಯೋವರೆಗೂ ಬಾಳಿಕೆ, ಆದ್ರೆ ಸಾಯೋವರೆಗೂ ಮಾತ್ರೆ. ಇನ್ನೊಂದ್ಸಲ ಸೀಳಿಸ್ಕೊಳ್ಳೋ ಧೈರ್ಯ ನಂಗಿರ್ಲಿಲ್ಲ. ಮಾತ್ರೆ ತಾನೆ, ನುಂಗಿದ್ರಾಯ್ತು ಅಂದ್ಕೊಂಡೆ.”

ಆ ಮಾತ್ರೆಯ ಹೆಸರು ವಾರ್ಫರಿನ್. ಕವಾಟ ಪರಕೀಯ ವಸ್ತು, ರಕ್ತ ಅದರ ಮೇಲೆ ಹೆಪ್ಪುಗಟ್ಟಲು ಹವಣಿಸುತ್ತದೆ. ಹೆಪ್ಪು ಕಳಚಿಕೊಂಡು ಮಿದುಳಿಗೆ ಹೋದರೆ ಕೈಕಾಲು ಸ್ವಾಧೀನ ತಪ್ಪುತ್ತದೆ, ಕವಾಟದಲ್ಲೇ ಕೂತರೆ ಜೀವವೇ ಹೋಗಬಹುದು. ಅದಕ್ಕೆ ರಕ್ತವನ್ನು ಸದಾ ತೆಳುವಾಗಿ ಇಟ್ಟಿರಬೇಕು. ತೀರಾ ತೆಳುವಾದರೆ ಹೊಟ್ಟೆಯಲ್ಲೋ ತಲೆಯಲ್ಲೋ ತಾನಾಗಿ ಸೋರುತ್ತದೆ. ಈ ಎರಡರ ನಡುವಿನ ಓಣಿ ಬಹಳ ಕಿರಿದು. ರಕ್ತ ಕೊಟ್ಟು ಪರೀಕ್ಷಿಸಿಕೊಳ್ಳುತ್ತ, ಮಾತ್ರೆಯನ್ನು ಅರ್ಧ ಹೆಚ್ಚಿಸುತ್ತ, ಅರ್ಧ ಇಳಿಸುತ್ತ ಆ ಓಣಿಯಲ್ಲೇ ನಡೆಯಬೇಕು. ಸೊಪ್ಪು, ಕಡಲಪಾಚಿ ಒಂದೇ ಸಲ ಹೆಚ್ಚು ತಿಂದರೂ ಮಾತ್ರೆಯ ಬಲ ಕುಗ್ಗುತ್ತದೆ. ನಮ್ಮ ವಾಡಿಕೆಯಂತೆ ಹುಟ್ಟುಹಬ್ಬದ ದಿನ ಮನೆಯವರೆಲ್ಲ ಬಟ್ಟಲುಗಟ್ಟಲೆ ಕಡಲಪಾಚಿಯ ಸಾರು ಕುಡಿಯುವಾಗ ಮಲ್ಸುನ್ ತಮ್ಮ ಹುಟ್ಟುಹಬ್ಬದ ಸಾರನ್ನೇ ಎರಡು ಚಮಚಕ್ಕೆ ಮುಗಿಸುತ್ತಾರೆ.

ಇಂಥ ರಕ್ತ ಇಟ್ಟುಕೊಂಡು ಅವರು ಆರಿಸಿಕೊಂಡದ್ದು ಚೂರಿಯ ಕೆಲಸ. ಆರಿಸಿಕೊಂಡದ್ದು ಎಂದರೆ ತಪ್ಪಾದೀತು. ನಮ್ಮ ಊರಲ್ಲಿ ಹೆಂಗಸರಿಗೆ ಇರುವುದೇ ಈ ಕೆಲಸ.

“ಎದೆ ಕೊಯ್ಸ್ಕೊಂಡೋಳು ಅಂತ ಗೊತ್ತಾದ್ರೆ ಯಾರು ಚೂರಿ ಕೊಡ್ತಾರೆ ಹೇಳಿ? ಅದಕ್ಕೇ ಬಾಯಿ ಬಿಡ್ಲಿಲ್ಲ” ಎನ್ನುತ್ತಾರೆ.

ಬಾಯಿ ಬಿಡದೆ ಇರುವುದೂ ಸುಲಭವಾಗಿರಲಿಲ್ಲ. ಸುತ್ತ ನಿಶ್ಶಬ್ದವಿದ್ದರೆ ಆ ಕವಾಟ ಗಡಿಯಾರದಂತೆ ಟಿಕ್ಕೆನ್ನುತ್ತದೆ. ಶೆಡ್ಡಿನ ಮೋಟಾರಿನ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಕಷ್ಟವಾದದ್ದು ಸ್ನಾನದ ಮನೆ. ಕೆಲಸ ಮುಗಿದ ಮೇಲೆ ಹೆಂಗಸರೆಲ್ಲ ಒಟ್ಟಾಗಿ ಊರ ಬಿಸಿನೀರಿನ ಸ್ನಾನದ ಮನೆಗೆ ಹೋಗಿ, ಬಟ್ಟೆ ಕಳಚಿ, ಒಬ್ಬರ ಬೆನ್ನು ಒಬ್ಬರು ಉಜ್ಜಿಕೊಳ್ಳುವುದು ನಮ್ಮಲ್ಲಿ ವಾಡಿಕೆ. ಎದೆಯ ನಡುವಿನ ಉದ್ದ ಗಾಯದ ಗುರುತನ್ನು ಅಲ್ಲಿ ಎಲ್ಲಿ ಮುಚ್ಚಿಡುವುದು? ಮಲ್ಸುನ್ ಒಂದು ದಿನವೂ ಅವರ ಜೊತೆ ಹೋಗಲಿಲ್ಲ. ಮೇಜಿನವರು ಅವರಿಗೆ ‘ಮಹಾರಾಣಿ’ ಎಂದು ಹೆಸರಿಟ್ಟರು. ಸೊಕ್ಕು ಎಂದರು. ಮಲ್ಸುನ್ ಅದನ್ನೂ ಹೊಟ್ಟೆಗೆ ಹಾಕಿಕೊಂಡರು.

ಕೈಗೆ ಗಾಯವಾಗದಂತೆ ಎರಡೆರಡು ಕೈಗವಸು ಹಾಕುತ್ತಿದ್ದರು. ಆದರೂ ಸಿಂಪಿಯ ಅಂಚು ಬ್ಲೇಡಿಗಿಂತ ಕಡೆಯಲ್ಲ. ತಾಗಿದಾಗ ಶೌಚಕ್ಕೆಂದು ಎದ್ದು ಹೋಗಿ, ಬಟ್ಟೆ ಒತ್ತಿ ಹಿಡಿದು ನಿಲ್ಲುತ್ತಿದ್ದರು. ಬೇರೆಯವರಿಗಾದರೆ ಬೆರಳು ಚೀಪಿದರೆ ಮುಗಿಯುವ ಗಾಯ, ಇವರಿಗೆ ಬಹಳ ಹೊತ್ತು ಒಸರುತ್ತಿತ್ತು. ಉಳಿದ ದಿನಗಳಲ್ಲಿ ಹೇಗೋ ನಡೆಯುತ್ತಿತ್ತು. ಕಿಮ್ಚಿ ಹಾಕುವ ಕಾಲಕ್ಕೆ ಮಾತ್ರ ಶೆಡ್ಡಿನಲ್ಲಿ ಉಸಿರಾಡಲೂ ಪುರಸೊತ್ತಿಲ್ಲ. ಕಿಮ್ಚಿಗೆ ಬೆರೆಸಲು ದೇಶದ ಮನೆಮನೆಗೂ ಸಿಂಪಿ ಬೇಕು, ಲಾರಿಗಳು ಬಾಗಿಲಲ್ಲೇ ನಿಂತಿರುತ್ತವೆ. ಚೂರಿಯ ವೇಗ ಹೆಚ್ಚಿದಷ್ಟೂ ಗಾಯಗಳೂ ಹೆಚ್ಚು.

ಆಗ ಅವರಿಗೆ ಒಂದು ಉಪಾಯ ಹೊಳೆಯಿತು. ಹೇಳುವಾಗ ಈಗಲೂ ಅವರು ನನ್ನ ಮುಖ ನೋಡುವುದಿಲ್ಲ.

“ಆ ನಾಲ್ಕು ದಿನ ಮಾತ್ರೆ ಬಿಟ್ರೆ ರಕ್ತ ಬೇಗ ನಿಲ್ಲುತ್ತಲ್ಲ ಅನ್ನಿಸ್ತು. ಮೊದಲ್ನೇ ವರ್ಷ ಹೆದ್ರಿ ಹೆದ್ರಿ ಬಿಟ್ಟೆ. ಏನೂ ಆಗ್ಲಿಲ್ಲ. ಮುಂದಿನ ವರ್ಷ ಇನ್ನೆರಡು ದಿನ ಜಾಸ್ತಿ. ಆಗ್ಲೂ ಏನೂ ಆಗ್ಲಿಲ್ಲ. ಆಮೇಲೆ ಅದೇ ಅಭ್ಯಾಸ ಆಗ್ಹೋಯ್ತು. ಹೋದ ವರ್ಷ ಕಿಮ್ಚಿ ಕಾಲ ಪೂರ್ತಿ ಬಿಟ್ಬಿಟ್ಟೆ. ಡಾಕ್ಟ್ರು ರಕ್ತ ನೋಡೋದು ಅದೆಲ್ಲ ಮುಗಿದ ಮೇಲೆ ತಾನೆ, ಅಷ್ಟರಲ್ಲಿ ಸರಿಮಾಡ್ಕೊಳ್ಳೋಣ ಅಂತ.”

ಏನೂ ಆಗಲಿಲ್ಲ ಎಂಬುದೇ ಅವರನ್ನು ಮೋಸಗೊಳಿಸಿತು. ಕಳೆದ ವರ್ಷ ನವೆಂಬರಿನ ಕೊನೆಯ ಒಂದು ಬೆಳಿಗ್ಗೆ, ರಾಶಿ ಇನ್ನೂ ಅರ್ಧವೂ ಇಳಿದಿರಲಿಲ್ಲ, ಅವರ ಬಲಗೈಯಿಂದ ಚೂರಿ ಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದವರು ಹಾಗೇ ಕುಸಿದರು.

ಮುಂದಿನದನ್ನು ಬುನ್ನಾಮ್ ಹೇಳುತ್ತಾರೆ. ಬೇಡವೆಂದರೂ ಹೇಳುತ್ತಾರೆ, ಕೇಳುವವರು ಯಾರೇ ಸಿಕ್ಕರೂ ಹೇಳುತ್ತಾರೆ ಎಂದು ಮೇಜಿನವರ ದೂರು.

“ಬಾಯಿ ಸೊಟ್ಟಗಾಗಿತ್ತು. ನೋಡಿದ ಕೂಡ್ಲೇ ಗೊತ್ತಾಯ್ತು, ಗಾಳಿ ಹೊಡೆದಿದೆ, ಲಕ್ವ ಅಂತ. ಗಾಳಿ ಹೊಡೆದ್ರೆ ಹತ್ತೂ ಬೆರಳು ಚುಚ್ಚಿ ಕೆಟ್ಟ ರಕ್ತ ತೆಗೀಬೇಕು. ನಮ್ಮಮ್ಮ ಹಾಗೇ ಮಾಡ್ತಿದ್ಲು, ಅವಳಮ್ಮನೂ ಹಾಗೇ ಮಾಡ್ತಿದ್ಲು. ಈ ಊರಲ್ಲಿ ಅಜೀರ್ಣಕ್ಕೂ ನಾನೇ ಚುಚ್ಚೋದು, ಗಾಳಿಗೂ ನಾನೇ ಚುಚ್ಚೋದು. ಆಂಬುಲೆನ್ಸ್ ಕರೀತೀನಿ ಅಂತ ಓಡಿದ ಹುಡುಗೀನ ‘ನಿಲ್ಲೇ, ಮೊದ್ಲು ಬೆರಳು’ ಅಂತ ನಾನೇ ತಡೆದೆ.”

ಶೆಡ್ಡಿನ ಒದ್ದೆ ನೆಲದ ಮೇಲೆ ಮಲ್ಸುನ್ ಅವರನ್ನು ಮಲಗಿಸಿದರು. ಬುನ್ನಾಮ್ ಏಪ್ರನ್ನಿನ ಅಂಚಿನಲ್ಲಿ ಸದಾ ಸಿಕ್ಕಿಸಿಕೊಂಡಿರುತ್ತಿದ್ದ ಸೂಜಿ ತೆಗೆದು, ನೆತ್ತಿಯ ಕೂದಲಿಗೆ ಎರಡು ಸಲ ತೀಡಿ, ಒಂದೊಂದೇ ಬೆರಳಿಗೆ ದಾರ ಬಿಗಿದು ತುದಿ ಚುಚ್ಚಿದರು. ಪ್ರತಿ ಬೆರಳಲ್ಲೂ ಕಪ್ಪನೆಯ ಒಂದು ಹನಿ ಮೂಡಿತು, ದುಂಡಗಾಯಿತು, ನಿಂತಿತು. “ನೋಡ್ರೇ, ಎಷ್ಟು ಚೆನ್ನಾಗಿ ನಿಂತಿತು! ರಕ್ತ ಗಟ್ಟಿಯಾಗಿದೆ, ಇವಳಿಗೇನೂ ಆಗಲ್ಲ” ಎಂದು ಬುನ್ನಾಮ್ ಹೇಳಿದ್ದನ್ನು ಅಲ್ಲಿದ್ದವರೆಲ್ಲ ಕೇಳಿದರು. ಮಲಗಿದ್ದ ಮಲ್ಸುನ್ ಕೂಡ ಕೇಳಿದರು.

“ಎಲ್ರ ಮುಖದಲ್ಲೂ ಸಮಾಧಾನ” ಎನ್ನುತ್ತಾರೆ ಅವರು. “ನನ್ನ ಎದೆ ಮಾತ್ರ ಧಸಕ್ ಅಂತು. ಆಪರೇಷನ್ ಆದ್ಮೇಲೆ ನನ್ನ ರಕ್ತ, ಮಾತ್ರೆ ಬಿಟ್ಟ ದಿನಗಳಲ್ಲೂ, ಹಾಗೆ ಥಟ್ಟಂತ ನಿಂತಿದ್ದಿಲ್ಲ. ಎಲ್ಲರ ರಕ್ತದ ಥರ ನಿಂತ್ಬಿಡ್ತು. ಆಗ್ಲೇ ಗೊತ್ತಾಗಿದ್ದು ನಂಗೆ, ಕವಾಟದಲ್ಲಿ ಹೆಪ್ಪು ಕಟ್ಟಿ ಅದು ತಲೆಗೆ ಹೋಗಿದೆ ಅಂತ. ನಂಗೆ ಮಾತ್ರೆ ಇದೆ, ಬಿಟ್ಟಿದ್ದೀನಿ, ಬೇಗ ಕರ್ಕೊಂಡ್ ಹೋಗಿ ಅಂತ ಹೇಳ್ಬೇಕು. ನಾಲಿಗೆ ಬಾಯೊಳಗೆ ಒದ್ದೆ ಬಟ್ಟೆ ಥರ ಬಿದ್ದಿತ್ತು. ಅವ್ರು ಒಂದೊಂದೇ ಬೆರಳು ಚುಚ್ತಿದ್ರು, ನಾನು ನೋಡ್ತಾ ಬಿದ್ದಿದ್ದೆ.”

ಅರ್ಧ ಗಂಟೆಯೋ ಇನ್ನೂ ಹೆಚ್ಚೋ ಕಳೆಯಿತು. ಕೊನೆಗೆ ಆಸ್ಪತ್ರೆ ಸೇರಿದಾಗ ಡಾಕ್ಟರು ಮಿದುಳಿನ ರಕ್ತನಾಳದಿಂದ ಹೆಪ್ಪನ್ನು ತೆಗೆದರು. ಮಾತು ಮರಳಿತು, ಕಾಲು ಮರಳಿತು, ಬಲಗೈಯ ಬೆರಳುಗಳು ಮರಳಲಿಲ್ಲ. ಮಲ್ಸುನ್ ಅವರ ಅಂಗಿ ಬಿಚ್ಚಿದ ನರ್ಸ್ ಎದೆಯ ಗುರುತು ನೋಡಿ ಹೊರಗೆ ಬಂದು ಕೇಳಿದಾಗಲೇ ಮೇಜಿನವರಿಗೆ ಸಂಗತಿ ತಿಳಿದದ್ದು.

ಆ ಸೂಜಿಯನ್ನು ಬುನ್ನಾಮ್ ಸಮುದ್ರಕ್ಕೆ ಎಸೆದಿದ್ದಾರೆ. ಈಗ ಯಾರಾದರೂ ಹೊಟ್ಟೆ ಭಾರ ಎಂದು ಬೆರಳು ಚಾಚಿದರೆ, ಮಾತ್ರೆ ಅಂಗಡಿಗೆ ಹೋಗು ಎಂದು ರೇಗುತ್ತಾರೆ. “ಅವಳ ಕೈ ತಿಂದೋಳು ನಾನೇ” ಎಂದು ನನ್ನೆದುರಿಗೇ ಹೇಳಿ, ಕೈಗವಸಿನ ಹಿಂಬದಿಯಿಂದ ಮೂಗೊರೆಸಿಕೊಂಡರು.

“ಸುಮ್ನಿರಿ ಅಕ್ಕ. ತಿಂದಿದ್ದು ನಿಮ್ಮ ಸೂಜಿ ಅಲ್ಲ, ನನ್ನ ಜಾಣತನ” ಎಂದರು ಮಲ್ಸುನ್.

ಇಬ್ಬರ ಮಾತೂ ನಿಜವೇ. ನನಗೆ ಇಬ್ಬರ ಮೇಲೂ ಸಿಟ್ಟು ಬರುತ್ತದೆ, ಇಬ್ಬರನ್ನೂ ನೋಡಿದರೆ ಮರುಕವೂ ಹುಟ್ಟುತ್ತದೆ. ಚೂರಿ ಹಿಡಿಯುವ ಹೆಂಗಸು ತನ್ನ ರೋಗವನ್ನು ಹೇಳಿಕೊಂಡರೆ ಕೆಲಸ ಹೋಗುತ್ತದೆ ಎಂಬ ಭಯವಿಲ್ಲದಿದ್ದರೆ ಇವರಿಬ್ಬರೂ ಈ ಮಾತನ್ನು ಆಡಬೇಕಾಗಿಯೇ ಇರಲಿಲ್ಲ.

ಬೇಸಿಗೆಯಿಡೀ ಮಲ್ಸುನ್ ಮನೆಯಂಗಳದಲ್ಲಿ ಖಾಲಿ ಚಿಪ್ಪುಗಳಿಗೆ ರಬ್ಬರ್‌ಬ್ಯಾಂಡ್ ಕಟ್ಟಿ, ಎಡಗೈಯಲ್ಲಿ ಬಿಡಿಸುವುದನ್ನು ಕಲಿತರು. ಸಂಜೆ ಊಟವಾದ ಮೇಲೆ ಗಂಡ ನೀರು, ಮಾತ್ರೆ ತಂದಿಟ್ಟು, ನುಂಗುವವರೆಗೆ ಎದುರಿಗೆ ನಿಂತಿರುತ್ತಾರೆ. “ಬಾಯಿ ತೆಗೆದು ತೋರ್ಸು ಅಂತಾನೆ ಪುಣ್ಯಾತ್ಮ, ನಾನೇನು ಮಗೂನಾ?” ಎಂದು ಅವರು ಗೊಣಗುತ್ತಾರೆ. ಗೊಣಗಿದರೂ ಬಾಯಿ ತೆಗೆದು ತೋರಿಸುತ್ತಾರೆ.

ಅಕ್ಟೋಬರಿನಲ್ಲಿ ಶೆಡ್ಡಿಗೆ ಬಂದಾಗ ಇನ್ನೊಂದು ತೊಡಕು ಎದುರಾಯಿತು. ಬಲಗೈಯವರ ಸಾಲಿನಲ್ಲಿ ಎಡಗೈಯವರೊಬ್ಬರು ನಿಂತರೆ ಮೊಣಕೈಗೆ ಮೊಣಕೈ ಬಡಿಯುತ್ತದೆ, ಚೂರಿ ಇರುವಲ್ಲಿ ಅದು ಅಪಾಯ. ಚಳಿ ಕಾಯಿಸುವ ಒಲೆಯ ಪಕ್ಕದ ತುದಿಯ ಜಾಗ ಹಿರಿಯರೆಂದು ಬುನ್ನಾಮ್‌ಗೆ ಸಲ್ಲುತ್ತಿತ್ತು. ಅವರು ತಮ್ಮ ಬುಟ್ಟಿಯನ್ನು ಕಾಲಿನಿಂದ ತಳ್ಳಿಕೊಂಡು ಒಳಗೆ ಸರಿದರು. ಆ ವಾರ ಹೆಂಗಸರು ಮಲ್ಸುನ್ ಅವರನ್ನು ಎಳೆದುಕೊಂಡೇ ಸ್ನಾನದ ಮನೆಗೆ ಹೋದರು. ಅಲ್ಲಿ ಮಲ್ಸುನ್ ಅವರ ಬೆನ್ನನ್ನು ಬುನ್ನಾಮ್ ಉಜ್ಜಿದ್ದೂ ಉಜ್ಜಿದ್ದೇ. ಚರ್ಮ ಕಿತ್ತುಬರುವ ಹಾಗಿತ್ತು ಎಂದು ಮಲ್ಸುನ್ ದೂರುತ್ತಾರೆ.

ಇದೆಲ್ಲ ಸರಿ, ಆದರೆ ತೂಕದ ತಕ್ಕಡಿಗೆ ಇದೊಂದೂ ಗೊತ್ತಿಲ್ಲ. ನಾನು ಮೂರನೆಯ ಬಾರಿ ಶೆಡ್ಡಿಗೆ ಹೋದಾಗ ಕಿಮ್ಚಿ ಕಾಲ ಬಂದುಬಿಟ್ಟಿದೆ. ಬಾಗಿಲಲ್ಲಿ ಲಾರಿ ಎಂಜಿನ್ ಆರಿಸದೆ ನಿಂತಿದೆ, ಚೂರಿಗಳು ಬಿಡುವಿಲ್ಲದೆ ಆಡುತ್ತಿವೆ. ಮಲ್ಸುನ್ ಅವರ ಎಡಗೈ ಮೊದಲಿಗಿಂತ ಚುರುಕಾಗಿದೆ. ಪಕ್ಕದವರ ಮೂರಕ್ಕೆ ಈಗ ಇವರದು ಎರಡು. ಬುನ್ನಾಮ್ ಓರೆಗಣ್ಣಿನಲ್ಲಿ ಲೆಕ್ಕ ಇಡುತ್ತಿದ್ದಾರೆ.

ಚೂರಿ ಜಾರುತ್ತದೆ.

ದೊಡ್ಡ ಗಾಯವೇನಲ್ಲ. ಹಿಡಿದುಕೊಳ್ಳಲಾರದ ಬಲಗೈಯ ಹೆಬ್ಬೆರಳಿನ ಬುಡದಲ್ಲಿ, ಎರಡೂ ಕೈಗವಸು ಹರಿದು, ಒಂದು ಗೀರು. ಆ ಕೈಗೆ ನೋವೂ ತಿಳಿಯುವುದಿಲ್ಲ. ಮರದ ತುಂಡು ಕೆಂಪಾದಾಗಲೇ ಅವರಿಗೆ ಗೊತ್ತಾಗುತ್ತದೆ. ಬುನ್ನಾಮ್ ತಮ್ಮ ತಲೆಗೆ ಕಟ್ಟಿದ್ದ ಬಟ್ಟೆ ಕಿತ್ತು ಗಾಯಕ್ಕೆ ಒತ್ತುತ್ತಾರೆ. ಬಟ್ಟೆ ತೊಯ್ಯುತ್ತದೆ. ಇನ್ನೊಂದು ಬಟ್ಟೆ ಬರುತ್ತದೆ. ಮೇಜಿನಲ್ಲಿ ಎಲ್ಲರ ಚೂರಿಯೂ ನಿಂತಿದೆ. ದಾಲ್ಹೊ ತಕ್ಕಡಿ ಬಿಟ್ಟು ಓಡಿ ಬರುತ್ತಾನೆ.

“ನಿಲ್ತಿಲ್ವಲ್ಲೇ ಇದು” ಎಂದು ಬುನ್ನಾಮ್ ಅಳುವ ದನಿಯಲ್ಲಿ ಹೇಳುತ್ತಾರೆ.

“ನಿಲ್ಲಬಾರ್ದು ಅಕ್ಕ, ಅಷ್ಟು ಬೇಗ ನಿಲ್ಲಬಾರ್ದು. ನಿನ್ನೆ ಮಾತ್ರೆ ತಗೊಂಡಿದ್ದೀನಿ ಅಂತ ಅರ್ಥ. ಒತ್ತಿ ಹಿಡ್ಕೊಳ್ಳಿ ಸಾಕು” ಎಂದು ಮಲ್ಸುನ್ ಸಮಾಧಾನ ಹೇಳುತ್ತಾರೆ. ಅವರ ಮುಖದಲ್ಲಿ ಗಾಬರಿಯಿಲ್ಲ. ಆದರೆ ಅವರ ಕಣ್ಣು ದಾಲ್ಹೊನ ಮೇಲಿದೆ.

ದಾಲ್ಹೊ ಕೆಟ್ಟವನಲ್ಲ. ಕಳೆದ ವರ್ಷ ಅವರನ್ನು ಹೊತ್ತು ಆಂಬುಲೆನ್ಸಿಗೆ ಏರಿಸಿದವನು ಅವನೇ. ಗಾಯದ ಒಸರು ನಿಲ್ಲುವವರೆಗೂ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದು, ಕೊನೆಗೆ ನೆಲ ನೋಡುತ್ತ ಹೇಳುತ್ತಾನೆ: “ಅಕ್ಕ, ನಂಗೆ ಆಗಲ್ಲ. ದಿನಾ ಬೆಳಿಗ್ಗೆ ನಿಮ್ಮ ಕೈ ನೋಡ್ತಾ ನಿಂತ್ರೆ ನನ್ನ ಎದೆನೇ ನಿಂತ್ಹೋಗುತ್ತೆ. ಮೇಜು ಬೇಡ.”

ಮಲ್ಸುನ್ ಚೂರಿಯನ್ನು ತೊಳೆದು, ಒರೆಸಿ, ಅವನ ಕೈಗೆ ಕೊಡುತ್ತಾರೆ. “ಲಾರಿ ಕಾಯ್ತಿದೆ, ನೀವೆಲ್ಲ ಏನ್ ನೋಡ್ತಿದ್ದೀರಿ” ಎಂದು ಮೇಜಿನವರನ್ನು ಗದರಿ ಹೊರಗೆ ಹೋಗುತ್ತಾರೆ. ಅವರ ಹಿಂದೆಯೇ ಹೋಗುವ ಧೈರ್ಯ ನನಗೂ ಬರಲಿಲ್ಲ.

ಡಿಸೆಂಬರಿನ ಮಧ್ಯದಲ್ಲಿ ಅವರನ್ನು ಮತ್ತೆ ಕಂಡದ್ದು ಶೆಡ್ಡಿನ ಹಿಂದಿನ ಬಯಲಿನಲ್ಲಿ. ಬೆಟ್ಟದಷ್ಟು ಖಾಲಿ ಚಿಪ್ಪುಗಳ ಪಕ್ಕ, ಬಿಸಿಲು ಬೀಳುವ ಕಡೆ, ಮೇಜಿನಲ್ಲಿ ನಿಲ್ಲಲಾರದ ಮುದುಕಿಯರು ಕೂರುವ ಜಾಗ ಅದು. ತೂತು ಮಾಡಿದ ಚಿಪ್ಪುಗಳನ್ನು ಒಂದೊಂದಾಗಿ ತಂತಿಗೆ ಪೋಣಿಸಿ ಸರ ಮಾಡುತ್ತಾರೆ. ಆ ಸರಗಳನ್ನು ಬೇಸಿಗೆಯಲ್ಲಿ ಸಮುದ್ರಕ್ಕೆ ಇಳಿಬಿಟ್ಟರೆ ಸಿಂಪಿಯ ಮರಿಗಳು ಬಂದು ಅಂಟಿಕೊಳ್ಳುತ್ತವೆ. ಕೂತವರಲ್ಲಿ ಎಲ್ಲರಿಗಿಂತ ಚಿಕ್ಕವರು ಮಲ್ಸುನ್. ತಂತಿಯನ್ನು ಮೊಣಕಾಲಿನ ನಡುವೆ ಒತ್ತಿ ಹಿಡಿದು ಎಡಗೈಯಲ್ಲಿ ಪೋಣಿಸುತ್ತಿದ್ದಾರೆ. ಒಳಗಿನಿಂದ ಮೋಟಾರಿನ ಸದ್ದು, ಮೇಜಿನವರ ನಗು ಇಲ್ಲಿಗೂ ಕೇಳಿಸುತ್ತದೆ. ಅವರು ಆ ಕಡೆ ಬೆನ್ನು ಮಾಡಿ ಕೂತಿದ್ದಾರೆ.

ಬೇಜಾರಾಗಿದೆಯಾ ಎಂದು ಕೇಳಿದೆ. ಕೇಳಬಾರದಿತ್ತು.

“ಆಗ್ದೆ ಇರುತ್ತಾ? ಆ ನಗು ಕೇಳಿಸ್ದಾಗೆಲ್ಲ ಎದ್ದು ಒಳಗೆ ಹೋಗ್ಬೇಕು ಅನ್ಸುತ್ತೆ” ಎಂದರು. ಇನ್ನೊಂದು ಚಿಪ್ಪು ಪೋಣಿಸಿದರು. ರಕ್ತಪರೀಕ್ಷೆಯಲ್ಲಿ ಈ ತಿಂಗಳ ಅಂಕಿ ಎಷ್ಟಿರಬೇಕೋ ಅಷ್ಟೇ ಇದೆ ಎಂದರು. ಡಾಕ್ಟರು ಮೊದಲ ಬಾರಿ ನಕ್ಕರಂತೆ.

ಆಮೇಲೆ ಮುಗಿದ ಸರವೊಂದನ್ನು ಎತ್ತಿ ಹಿಡಿದು, ಚಿಪ್ಪುಗಳ ನಡುವಿನ ಅಂತರ ಸರಿಯಾಗಿದೆಯೇ ಎಂದು ನೋಡಿದರು.

“ಇದು ಬರೋ ಬೇಸಿಗೇಲಿ ನೀರಿಗಿಳಿಯುತ್ತೆ. ಇದಕ್ಕೆ ಅಂಟ್ಕೊಂಡ ಮರಿ ದೊಡ್ಡದಾಗಿ ಮೇಜಿಗೆ ಬರೋದು ಅದರಾಚೆ ಚಳಿಗಾಲಕ್ಕೆ. ಅಲ್ಲೀವರ್ಗೂ ಇರ್ಬೇಕು ಅಂತ ಆಸೆ, ಅದಕ್ಕೇ ಮಾತ್ರೆ ತಪ್ಪಿಸ್ತಿಲ್ಲ” ಎಂದರು. “ಇಷ್ಟು ವರ್ಷದಲ್ಲಿ ಬೇರೆಯವ್ರು ಬಿಡಿಸಿದ ಸಿಂಪೀನ ನಾನು ಬಾಯಿಗೆ ಹಾಕಿದ್ದಿಲ್ಲ ಕಣ್ರೀ. ನನ್ನಷ್ಟು ಚೆನ್ನಾಗಿ ಯಾರು ಬಿಡಿಸ್ತಾರೆ ಅನ್ನೋ ಸೊಕ್ಕು. ಆ ಚಳಿಗಾಲಕ್ಕೆ ಇದ್ರೆ, ಯಾರಾದ್ರೂ ಒಂದು ಬಿಡಿಸಿ ಕೊಡ್ಲಿ. ತಿಂತೀನಿ.”